ಯಾರೂ ಕೂರದ ಸೀಟು

ಡಾಕ್ಟರು ತಮ್ಮ ಇಟಲಿಯ ಗಾಡಿಯನ್ನು ಮಾರಾಟಕ್ಕಿಟ್ಟು ವರ್ಷಗಳೇ ಕಳೆದಿದ್ದವು. ಮಾರುವ ಮನಸ್ಸು ಮಾತ್ರ ಅವರಿಗೆ ಎಳ್ಳಷ್ಟೂ ಇರಲಿಲ್ಲ. ಮಾರಾಟಕ್ಕಿಟ್ಟರೆ ನೋಡುವವರು ಬರುತ್ತಾರೆ, ಬಂದವರು ಬಾಯಿ ಬಿಟ್ಟುಕೊಂಡು ನಿಲ್ಲುತ್ತಾರೆ. ಬದುಕಿಡೀ ಬಾಯಿ ಬಿಟ್ಟವರ ಮುಂದೆಯೇ ದುಡಿದ ಹಲ್ಲಿನ ಡಾಕ್ಟರಿಗೆ ಕ್ಲಿನಿಕ್ಕು ಮುಚ್ಚಿದ ಮೇಲೆ ಆ ಸುಖ ಸಿಗಲು ಬೇರೆ ದಾರಿ ಇರಲಿಲ್ಲ.

ಪೇಪರಿನಲ್ಲಿ ಆಗಾಗ ಬರುತ್ತಿದ್ದ ಜಾಹೀರಾತನ್ನು ಅವರೇ ಬರೆದಿದ್ದರು. ಅಪರೂಪದ ಇಟಲಿಯ ಸ್ಪೋರ್ಟ್ಸ್ ಕಾರು, ಮಡಚುವ ಚಾವಣಿ, ಅಚ್ಚ ಕೆಂಪು ಬಣ್ಣ, ಈ ಮಾದರಿಯದು ಈಗ ಎಲ್ಲೂ ತಯಾರಾಗುತ್ತಿಲ್ಲ, ಬಹಳ ಕಡಿಮೆ ಓಡಿದೆ, ಪಕ್ಕದ ಸೀಟಿನಲ್ಲಿ ಇದುವರೆಗೆ ಯಾರೂ ಕೂತಿಲ್ಲ, ಯೋಗ್ಯರು ಮಾತ್ರ ವಿಚಾರಿಸಿ. ಯೋಗ್ಯರು ಯಾರು ಎಂಬುದನ್ನು ಡಾಕ್ಟರೇ ತೀರ್ಮಾನಿಸುತ್ತಿದ್ದರು. ಇದುವರೆಗೆ ಒಬ್ಬರೂ ಸಿಕ್ಕಿರಲಿಲ್ಲ.

ಪಕ್ಕದ ಸೀಟಿನ ಆ ಮಾತನ್ನು ಅವರ ಹೆಂಡತಿ ಪ್ರತಿ ಸಲವೂ ಓದುತ್ತಿದ್ದಳು. ಪ್ರತಿ ಸಲವೂ ಅವಳಿಗೆ ಪಿತ್ತ ನೆತ್ತಿಗೇರುತ್ತಿತ್ತು. ಗಾಡಿಗೆ ಇರುವುದೇ ಎರಡು ಸೀಟು. ತಲೆ ನೆರೆಯುವಷ್ಟು ಕಾಲ ಸಂಸಾರ ಮಾಡಿದ ಗಂಡಸು, ತನ್ನ ಪಕ್ಕದಲ್ಲಿ ಯಾರನ್ನೂ ಕೂರಿಸಿಲ್ಲವೆಂದು ಊರಿಗೆಲ್ಲ ಅಚ್ಚು ಹಾಕಿಸಿ ಹಂಚುತ್ತಾನೆ, ಅದನ್ನೇ ಗುಣವೆಂದು ಕೊಚ್ಚಿಕೊಳ್ಳುತ್ತಾನೆ. ಅಕ್ಕಪಕ್ಕದ ಹೆಂಗಸರು ಆ ಗಾಡಿಯನ್ನು ಅವಳ ಸವತಿಯೆಂದು ತಮಾಷೆ ಮಾಡುತ್ತಿದ್ದರು. ಅವಳಿಗೆ ಆ ತಮಾಷೆ ಹಿಡಿಸುತ್ತಿರಲಿಲ್ಲ. ಸವತಿಯಾಗಿದ್ದರೆ ಜುಟ್ಟು ಹಿಡಿದು ಜಗಳವಾದರೂ ಆಡಬಹುದಿತ್ತು, ತಗಡಿನ ಜೊತೆ ಏನು ಆಡುವುದು.

ಅವಳನ್ನು ಬೀದಿಯವರೆಲ್ಲ ಮಿಸ್ಸು ಎಂದೇ ಕರೆಯುತ್ತಿದ್ದರು. ಶಿಶುವಿಹಾರ ನಡೆಸಿ, ಮಕ್ಕಳ ಮೂಗು ಒರೆಸಿ, ಶೂ ದಾರ ಕಟ್ಟಿ, ಅಳು ನಿಲ್ಲಿಸಿ ಅರ್ಧ ಊರಿಗೇ ಅವಳು ಮಿಸ್ಸು ಆಗಿದ್ದಳು. ಆಟದ ಸಾಮಾನನ್ನು ಎದೆಗವಚಿಕೊಂಡು ನಂದು, ಕೊಡಲ್ಲ ಎಂದು ಹಟ ಹಿಡಿಯುವ ಮಕ್ಕಳನ್ನು ಬೇಕಾದಷ್ಟು ನೋಡಿದ್ದಳು. ಅವು ಸ್ವಲ್ಪ ದಿನಕ್ಕೆ ದಾರಿಗೆ ಬರುತ್ತಿದ್ದವು. ಮನೆಯಲ್ಲಿದ್ದ ಮಗು ಮಾತ್ರ ದಾರಿಗೆ ಬರುವ ಲಕ್ಷಣ ತೋರಿಸಲಿಲ್ಲ.

ಆ ಗಾಡಿ ಮದುವೆಯಾದ ಹೊಸದರಲ್ಲಿ ಲಾರಿಯ ಮೇಲೆ ಕೂತು ಬಂದಿತ್ತು. ಡಾಕ್ಟರ ಶ್ರೀಮಂತ ರೋಗಿಯೊಬ್ಬ ಅದನ್ನು ತರಿಸಿಕೊಂಡು, ಒಮ್ಮೆಯೂ ಹತ್ತುವ ಮೊದಲೇ ತೀರಿಕೊಂಡಾಗ ಅವನ ಮನೆಯವರು ಮಾರಿದ್ದು. ಅದು ಒಳಗೆ ಹೋದ ದಿನದಿಂದ ಮನೆಯ ಮುಂಭಾಗದ ದೊಡ್ಡ ಕೋಣೆ ಷೆಡ್ಡು ಎನಿಸಿಕೊಂಡಿತು. ಹೆಸರಿಗೆ ಷೆಡ್ಡು. ನೆಲಕ್ಕೆ ಟೈಲ್ಸು, ಕಿಟಕಿಗಳಿಗೆ ದಪ್ಪ ಪರದೆ, ತೇವ ಹೀರಲು ಒಂದು ಯಂತ್ರ, ಸೆಖೆಯಾಗದಂತೆ ಏಸಿ. ಮನೆಯಲ್ಲಿ ಬಿಸಿಲು ಬೀಳುವ ಒಂದೇ ಒಂದು ಕೋಣೆ ಅದು, ಆ ಬಿಸಿಲನ್ನೂ ಬಣ್ಣ ಮಾಸುತ್ತದೆಂದು ಒಳಗೆ ಬಿಡುತ್ತಿರಲಿಲ್ಲ. ಮೇಲಿನ ಮಲಗುವ ಕೋಣೆಯಲ್ಲಿ ಗಂಡ ಹೆಂಡಿರ ತಲೆಯ ಮೇಲೆ ಕಟಕಟ ಎನ್ನುವ ಹಳೆಯ ಫ್ಯಾನು ತಿರುಗುತ್ತಿತ್ತು.

ಮಿಸ್ಸಿಗೆ ಹೆರಿಗೆ ನೋವು ಬಂದ ದಿನ ಡಾಕ್ಟರು ಟ್ಯಾಕ್ಸಿ ತರಿಸಿದರು. ಟ್ಯಾಕ್ಸಿ ಬರುವವರೆಗೂ ಅವಳು ಷೆಡ್ಡಿನ ಗೋಡೆ ಹಿಡಿದುಕೊಂಡು ನಿಂತಿದ್ದಳು. ಮಗಳು ನಡೆಯಲು ಕಲಿತ ಮೇಲೆ ಬಿಸ್ಕತ್ತಿನ ಕೈಯಲ್ಲಿ ಗಾಡಿಯ ಬಾಗಿಲು ಮುಟ್ಟಿದಾಗ, ಡಾಕ್ಟರು ಓಡಿಬಂದು ಗದರಿಸಿ ಮೊದಲು ಬಾಗಿಲು ಒರೆಸಿದರು, ಆಮೇಲೆ ಮಗುವಿನ ಕಣ್ಣು. ಮಗಳು ಈಗ ಮದುವೆಯಾಗಿ ಪಕ್ಕದ ಬಡಾವಣೆಯಲ್ಲಿದ್ದಾಳೆ. ಇವತ್ತಿಗೂ ತೌರಿಗೆ ಬಂದರೆ ಷೆಡ್ಡಿನ ಕಡೆ ಕತ್ತೆತ್ತಿ ನೋಡುವುದಿಲ್ಲ.

ಭಾನುವಾರ ಬೆಳಗ್ಗೆ ಡಾಕ್ಟರು ಷೆಡ್ಡಿನ ಬಾಗಿಲು ತೆಗೆದು ಇಂಜಿನ್ ಚಾಲೂ ಮಾಡುತ್ತಿದ್ದರು. ಒಳಗೆ ಕೂರುತ್ತಿರಲಿಲ್ಲ. ಹೊರಗೆ ನಿಂತೇ ಸೊಂಟ ಬಗ್ಗಿಸಿ, ಕೈ ಒಳಗೆ ಚಾಚಿ ಕೀಲಿ ತಿರುಗಿಸುತ್ತಿದ್ದರು, ರೋಗಿಯ ದವಡೆಯ ಹಲ್ಲಿಗೆ ಕೈ ಹಾಕುವವರ ಹಾಗೆ. ಗಾಡಿ ಗುರುಗುಟ್ಟುತ್ತಿತ್ತು. ಹೋಗಿ ಬರುವವರು ಒಂದು ಗಳಿಗೆ ನಿಲ್ಲುತ್ತಿದ್ದರು. ಡಾಕ್ಟರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಸೀಟು ಹಾಳಾಗಬಾರದೆಂದು ಹೀಗೆ ಮಾಡುತ್ತಾರೆಂದು ಮಿಸ್ಸು ನಂಬಿದ್ದಳು.

ಓಡಿಸುವುದು ಅವಳು ಕೆಲಸಕ್ಕೆ ಹೋದ ಮೇಲೆ ಎಂದು ಅವರು ಹೇಳುತ್ತಿದ್ದರು. ಕ್ಲಿನಿಕ್ಕು ಪಕ್ಕದ ಬೀದಿಯಲ್ಲೇ ಇತ್ತು, ಅದಕ್ಕೆ ನಡೆದೇ ಹೋಗುತ್ತಿದ್ದರು, ತೆರೆಯುತ್ತಿದ್ದುದೂ ತಡವಾಗಿ. ಅದಕ್ಕೆ ಮೊದಲು ಒಂದು ಸುತ್ತು ಹೋಗಿ ಬಂದೆನೆಂದು ಊಟದ ಹೊತ್ತಿಗೆ ವರದಿ ಒಪ್ಪಿಸುತ್ತಿದ್ದರು. ಸರ್ಕಲ್ಲಿನ ಚಹಾದಂಗಡಿಯ ಮುಂದೆ ಭಾನುವಾರ ಸೇರುವ ಹಳೆಗಾಡಿ ಸಂಘಕ್ಕೂ ಗಾಡಿಗೆ ಧೂಳಾಗುತ್ತದೆಂದು ನಡೆದೇ ಹೋಗುತ್ತಿದ್ದರು, ಅಲ್ಲಂತೂ ಅವರು ರೈಲು ಬಿಡುವುದಕ್ಕೆ ಲಂಗುಲಗಾಮು ಇರಲಿಲ್ಲ. ಘಟ್ಟದ ತಿರುವಿನಲ್ಲಿ ಗೇರು ಹೇಗೆ ಬದಲಾಯಿಸಬೇಕು, ಗಾಳಿಗೆ ಎದುರಾಗಿ ಹೋಗುವಾಗ ಗಾಡಿ ಹೇಗೆ ಹಾಡುತ್ತದೆ, ಎಲ್ಲ ಅವರಿಗೆ ಬಾಯಿಪಾಠ. ಅದೇ ಬಾಯಲ್ಲಿ ಗಾಡಿ ಓಡಿರುವುದು ಬಹಳ ಕಡಿಮೆ ಎಂದೂ ಹೇಳುತ್ತಿದ್ದರು. ಸಂಘದಲ್ಲಿ ದೊಡ್ಡ ದೊಡ್ಡ ಓದಿನವರಿದ್ದರು. ಎರಡೂ ಮಾತು ಒಟ್ಟಿಗೆ ಹೇಗೆ ನಿಜವಾದೀತು ಎಂದು ಒಬ್ಬನೂ ಕೇಳಲಿಲ್ಲ, ಏಕೆಂದರೆ ಅವರವರ ಗಾಡಿಯ ಕಥೆಯೂ ಹೆಚ್ಚುಕಡಿಮೆ ಅದೇ ಆಗಿತ್ತು.

ಇದನ್ನೆಲ್ಲ ಮಿಸ್ಸು ನುಂಗಿಕೊಂಡು ಬಂದಿದ್ದಳು. ಈ ವರ್ಷ ನುಂಗಲಾಗಲಿಲ್ಲ. ಅವಳು ನಡೆಸುತ್ತಿದ್ದ ಶಿಶುವಿಹಾರದ ಕಟ್ಟಡವನ್ನು ಮಾಲೀಕರು ಕೆಡವಿದರು. ಅಲ್ಲಿದ್ದ ಮಕ್ಕಳ ತಾಯಂದಿರು ಗುಂಪಾಗಿ ಬಂದು, ಬೇರೆ ಕಡೆ ಕಳಿಸಲು ಮನಸ್ಸಿಲ್ಲ, ನಿಮ್ಮ ಮನೆಯಲ್ಲೇ ತೆರೆಯಿರಿ ಮಿಸ್ ಎಂದು ಕೇಳಿಕೊಂಡರು. ಇಲಾಖೆಯ ಅಧಿಕಾರಿಣಿ ಬಂದು ಮನೆ ನೋಡಿದಳು. ಮಹಡಿಗೆ ಸಣ್ಣ ಮಕ್ಕಳನ್ನು ಹತ್ತಿಸುವ ಹಾಗಿಲ್ಲ, ಹಾಲಿನಲ್ಲಿ ಬೆಳಕಿಲ್ಲ. ಷೆಡ್ಡಿನ ಪರದೆ ಸರಿಸಿ ನೋಡಿ, ಇದಕ್ಕಿಂತ ಒಳ್ಳೆಯ ಕೋಣೆ ಇನ್ನೆಲ್ಲಿ ಸಿಗುತ್ತದೆ, ಖಾಲಿಯಾದ ದಿನ ಫೋನು ಮಾಡಿ, ಶಾಲೆಗಳು ಶುರುವಾಗುವುದರೊಳಗೆ ಮಾತ್ರ ಆಗಬೇಕು ಎಂದು ಹೇಳಿ ಹೋದಳು. ಮಿಸ್ಸಿಗೆ ಆ ರಾತ್ರಿ ಸಂತೋಷಕ್ಕೆ ನಿದ್ದೆ ಬರಲಿಲ್ಲ. ಹಳೆಯ ಕಟ್ಟಡದಿಂದ ತಂದ ಪುಟ್ಟ ಕುರ್ಚಿಗಳು ಒಂದರ ಮೇಲೊಂದು ಪೇರಿಸಿಕೊಂಡು ಮೆಟ್ಟಿಲ ಕೆಳಗೆ ಕಾಯುತ್ತಿದ್ದವು. ಮಕ್ಕಳ ಗಲಾಟೆಯಿಲ್ಲದ ಮನೆಯಲ್ಲಿ ಈ ಮನುಷ್ಯನ ಮುಖ ನೋಡಿಕೊಂಡು ಉಳಿದ ಆಯುಸ್ಸು ಕಳೆಯಬೇಕೆಂದರೆ ಅವಳಿಗೆ ಉಸಿರು ಕಟ್ಟುತ್ತಿತ್ತು.

ಷೆಡ್ಡು ಬಿಡಿ ಎಂದು ಕೇಳಿದರೆ ಡಾಕ್ಟರು ಇಲ್ಲ ಎನ್ನುತ್ತಿರಲಿಲ್ಲ. ಅದೇ ಅವರ ಜಾಣತನ. ಮಾರಾಟಕ್ಕೆ ಇಟ್ಟಿದ್ದೇನಲ್ಲ, ಒಳ್ಳೆಯವರು ಬರಲಿ, ಅವಸರ ಮಾಡಿದರೆ ಹೇಗೆ ಎನ್ನುತ್ತಿದ್ದರು. ಬಂದವರಲ್ಲಿ ಒಬ್ಬನ ಬೆರಳಿನಲ್ಲಿ ಉಂಗುರವಿತ್ತು, ಸ್ಟೇರಿಂಗಿಗೆ ಗೀರು ಬೀಳುತ್ತದೆ. ಇನ್ನೊಬ್ಬ ಸಿಗರೇಟು ಸೇದುವವನು. ಮತ್ತೊಬ್ಬ ಗಾಡಿಯನ್ನು ಓಡಿಸುವ ಉದ್ದೇಶವಿದೆ ಎಂದುಬಿಟ್ಟ, ಅವನನ್ನು ಡಾಕ್ಟರು ಗೇಟಿನ ತನಕ ನಡೆಸಿಕೊಂಡು ಹೋಗಿ ಬಿಟ್ಟುಬಂದರು. ಅವರ ಪ್ರಕಾರ ಯೋಗ್ಯನೆಂದರೆ ಗಾಡಿ ಕೊಂಡು, ಅದನ್ನು ಇಲ್ಲೇ ಬಿಟ್ಟು, ವಾರಕ್ಕೊಮ್ಮೆ ಬಂದು ಡಾಕ್ಟರನ್ನು ಹೊಗಳಿ ಹೋಗುವವನು.

ಹೀಗಿರುವಾಗ ಗುಂಡಿ ಸಾಹುಕಾರ ಬಂದ. ಅಂಗಿಗೆ ಹಾಕುವ ಗುಂಡಿಗಳ ಕಾರ್ಖಾನೆ ಇಟ್ಟುಕೊಂಡು ದುಡ್ಡು ಮಾಡಿದವನು. ತನ್ನ ಅಂಗಿಯ ಗುಂಡಿಗಳೇ ಹೊಟ್ಟೆಯ ಮೇಲೆ ನಿಲ್ಲಲಾರದೆ ಒದ್ದಾಡುತ್ತಿದ್ದವು. ಅವನಿಗೆ ಗಾಡಿ ಓಡಿಸುವ ಉದ್ದೇಶ ಇರಲಿಲ್ಲ. ಹೊಸದಾಗಿ ಕಟ್ಟಿಸಿದ ಮನೆಯ ಹಾಲಿನ ನಡುವೆ ಗಾಜಿನ ಗೋಡೆಯೊಳಗೆ ನಿಲ್ಲಿಸುತ್ತಾನಂತೆ, ಕೆಳಗಿನಿಂದ ದೀಪ ಬಿಡುತ್ತಾನಂತೆ. ಯಾರನ್ನೂ ಮುಟ್ಟಲು ಬಿಡುವುದಿಲ್ಲವಂತೆ. ಡಾಕ್ಟರು ಕೊಕ್ಕೆ ಹುಡುಕಿದರು, ಸಿಗಲಿಲ್ಲ. ಉಂಗುರವಿಲ್ಲ, ಸಿಗರೇಟಿಲ್ಲ. ಹಾಕಿದ ಷರತ್ತಿಗೆಲ್ಲ ಸಾಹುಕಾರ ಹೂಂ ಎಂದ. ಅವನ ಷರತ್ತು ಒಂದೇ. ಪಕ್ಕದ ಸೀಟಿನಲ್ಲಿ ಯಾರೂ ಕೂತಿಲ್ಲವೆಂಬ ಮಾತು ನಿಜವಾಗಿರಬೇಕು. ಅದಕ್ಕೇ ತಾನು ಮನಸೋತಿರುವುದು, ಬಂದವರಿಗೆ ತೋರಿಸಿ ಹೇಳಲು ಅಂಥದ್ದೊಂದು ಬೇಕು, ಭಾನುವಾರ ಹಳೆಯ ಗಾಡಿಗಳ ಪರೀಕ್ಷಕನನ್ನು ಕರೆತಂದು ನೋಡಿಸಿ ಅಂದೇ ಮಾತು ಮುಗಿಸುತ್ತೇನೆ ಎಂದ.

ಭಾನುವಾರದವರೆಗೆ ಡಾಕ್ಟರಿಗೆ ಊಟ ಸೇರಲಿಲ್ಲ. ಮಿಸ್ಸಿಗೆ ನಾಲ್ಕು ತುತ್ತು ಹೆಚ್ಚೇ ಸೇರಿತು.

ಭಾನುವಾರ ಬೆಳಗ್ಗೆ ಸಾಹುಕಾರ ಪರೀಕ್ಷಕನ ಜೊತೆ ಬಂದ. ಪರೀಕ್ಷಕ ಒಣಕಲು ಮನುಷ್ಯ, ಕೈಯಲ್ಲಿ ಭೂತಗನ್ನಡಿ, ಮುಖದಲ್ಲಿ ಜಗತ್ತಿನ ಮೇಲಿನ ಅನುಮಾನವೆಲ್ಲ. ಡಾಕ್ಟರು ಚಾವಣಿ ಮಡಚಿ, ಎಂದಿನಂತೆ ಹೊರಗೆ ನಿಂತೇ ಇಂಜಿನ್ ಚಾಲೂ ಮಾಡಿ ಕೇಳಿಸಿದರು, ಆರಿಸಿದರು. ಕೀಲಿ ಅಲ್ಲೇ ಉಳಿಯಿತು. ಮಿಸ್ಸು ಚಹಾ ತಂದು ಷೆಡ್ಡಿನ ಬಾಗಿಲ ಬಳಿ ನಿಂತಳು. ಕುರ್ಚಿಗಳನ್ನು ಯಾವ ಕಿಟಕಿಯ ಕೆಳಗೆ ಹಾಕಬೇಕೆಂದು ಆಗಲೇ ಅವಳ ಕಣ್ಣು ಅಳತೆ ಹಾಕುತ್ತಿತ್ತು.

ಪರೀಕ್ಷಕ ಗಾಡಿಯ ಸುತ್ತ ಬಂದ, ಕೆಳಗೆ ಮಲಗಿ ನೋಡಿದ. ಗಾಡಿ ನಿಂತಲ್ಲೇ ನಿಂತು ಟಯರಿನ ತಳ ಚಪ್ಪಟೆಯಾಗಿದೆ ಎಂದ. ಓಡಿಸುವವರ ಸೀಟನ್ನು ಬೆರಳಿನಿಂದ ಒತ್ತಿ ನೋಡಿ ಹುಬ್ಬೇರಿಸಿದ. ಆಮೇಲೆ ಪಕ್ಕದ ಸೀಟಿನ ಪ್ಲಾಸ್ಟಿಕ್ ಹೊದಿಕೆಯನ್ನು ಮೆಲ್ಲಗೆ ತೆಗೆದು, ಚರ್ಮದ ಮೇಲೆ ಭೂತಗನ್ನಡಿ ಹಿಡಿದ. ಬಹಳ ಹೊತ್ತು ಏಳಲಿಲ್ಲ.

ಎದ್ದು ಅವನು ಹೇಳಿದ್ದು ಇಷ್ಟು. ಹೊದಿಕೆ ಹೊಸದಾಗಿ ಕಾಣುತ್ತದೆ, ಕೆಳಗಿನ ಸೀಟು ಹಾಗಿಲ್ಲ. ಒಳಗಿನ ಸ್ಪ್ರಿಂಗು ಕುಸಿದಿದೆ, ಅದೂ ಎಡಕ್ಕೆ. ಬಾಗಿಲಿನ ಕೈಹಿಡಿಯಲ್ಲಿ ಕೈ ಊರಿದ ಕಡೆ ಹೊಳಪು ಹೋಗಿದೆ, ಕಾಲಿಡುವ ಜಾಗದ ಕಾರ್ಪೆಟ್ಟು ಹಿಮ್ಮಡಿ ತಾಗಿ ಸವೆದಿದೆ. ಒಂದೆರಡು ಸಲ ಕೂತು ಎದ್ದದ್ದಲ್ಲ, ವರ್ಷಗಟ್ಟಲೆ ಯಾರೋ ಕೂತಿದ್ದಾರೆ. ವಿಚಿತ್ರವೆಂದರೆ ಓಡಿಸುವವರ ಸೀಟು ಹೊಸದರ ಹಾಗಿದೆ, ಅದರಲ್ಲಿ ಯಾರೂ ಕೂತೇ ಇಲ್ಲ ಎಂದರೂ ನಡೆಯುತ್ತದೆ.

 ಮಿಸ್ಸು ಗಂಡನ ಕಡೆ ತಿರುಗಿದಳು. ಹಾಗಾದರೆ ಕೂರಿಸಿದ್ದಾನೆ, ಯಾರನ್ನೋ ಕೂರಿಸಿದ್ದಾನೆ, ನನ್ನನ್ನು ಬಿಟ್ಟು. ಅಷ್ಟು ವಯಸ್ಸಾದ ಮೇಲೂ ಆ ಯೋಚನೆ ಬೆಂಕಿಯ ಹಾಗೆ ಸುಟ್ಟಿತು. ತಾನು ಗೋಡೆ ಹಿಡಿದು ನಿಂತದ್ದು, ಮಗಳ ಬಿಸ್ಕತ್ತಿನ ಕೈ, ಎಲ್ಲ ಒಂದೇ ಏಟಿಗೆ ಕಣ್ಣ ಮುಂದೆ ಬಂತು. ಸಾಹುಕಾರ ಡಾಕ್ಟರ ಮುಖ ನೋಡಿದ. ಡಾಕ್ಟರು ಗಂಟಲು ಸರಿಮಾಡಿಕೊಂಡರು.

"ಮನೆಯವಳು ಕೂತಿರ್ತಾಳೆ ಬಿಡಿ," ಎಂದರು. "ನಾನಿಲ್ಲದಾಗ. ಎಷ್ಟು ಹೇಳಿದ್ರೂ ಅಷ್ಟೇ, ಹೆಂಗಸರಿಗೆ ಇದರ ಬೆಲೆ ಎಲ್ಲಿ ಗೊತ್ತಾಗುತ್ತೆ."

ಅವಳ ಕಡೆ ಅವರು ನೋಡಲೇ ಇಲ್ಲ. ಶಿಶುವಿಹಾರದಲ್ಲಿ ಬಣ್ಣದ ಡಬ್ಬಿ ಚೆಲ್ಲಿ, ಪಕ್ಕದ ಮಗುವಿನ ಕಡೆ ಬೆರಳು ಮಾಡಿ, ತಾನು ಮಾತ್ರ ಕಿಟಕಿಯಾಚೆ ನೋಡುವ ಮಗುವಿನ ಮುಖ ಅದು. ಆ ಮುಖ ಮಿಸ್ಸಿಗೆ ಎಷ್ಟು ಪರಿಚಯವಿತ್ತೆಂದರೆ, ಅಲ್ಲಿಗೇ ಅವಳಿಗೆ ಅರ್ಧ ಹೊಳೆಯಿತು. ಇನ್ನರ್ಧಕ್ಕೆ ಸೀಟನ್ನೇ ನೋಡಿದಳು. ಎಡಕ್ಕೆ ಕುಸಿದಿತ್ತು. ಮನೆಯ ಸೋಫಾ ಎಡಕ್ಕೆ ಕುಸಿದಿತ್ತು, ಊಟದ ಮೇಜಿನ ಕುರ್ಚಿ ಎಡಕ್ಕೆ ಕುಸಿದಿತ್ತು, ಅವರು ಮಲಗುವ ಹಾಸಿಗೆಯ ಅಂಚು ಕೂಡ. ರೋಗಿಗಳ ಬಾಯಿಯ ಮೇಲೆ ಎಡಕ್ಕೆ ವಾಲಿ ವಾಲಿ ಡಾಕ್ಟರು ಎಲ್ಲಿ ಕೂತರೂ ಎಡಕ್ಕೇ ಕೂರುತ್ತಿದ್ದರು. ಬೇರೆ ಯಾವ ಹೆಂಗಸೂ ಇಲ್ಲ, ಯಾರೂ ಇಲ್ಲ. ತನ್ನನ್ನು ಕೂರಿಸದ ಸೀಟಿನಲ್ಲಿ ಈ ಮಹಾರಾಯ ತಾನೇ ಕೂತಿದ್ದ, ಷೆಡ್ಡಿನ ಬಾಗಿಲು ಹಾಕಿಕೊಂಡು, ಓಡದ ಗಾಡಿಯಲ್ಲಿ.

ಗುಂಡಿ ಸಾಹುಕಾರ ಮಿಸ್ಸಿನ ಸೊಂಟವನ್ನು ದರ್ಜಿಯ ಹಾಗೆ ಒಮ್ಮೆ ಅಳೆದು ನೋಡಿದ. ಸೀಟು ಕುಸಿದದ್ದಕ್ಕೆ ಕಾರಣ ಸಿಕ್ಕಿತೆಂಬ ಹಾಗೆ ತಲೆಯಾಡಿಸಿದ. ಹೆಂಗಸರು ಕೂತು ಹಳೆಯದಾದ ಗಾಡಿ ತನಗೆ ಬೇಡ, ಹೇಳಿಕೊಳ್ಳಲು ಏನೂ ಉಳಿಯುವುದಿಲ್ಲ ಎಂದು ಚಹಾದ ಕಪ್ಪನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ. ಪರೀಕ್ಷಕ ಭೂತಗನ್ನಡಿಯನ್ನು ಜೇಬಿಗೆ ಹಾಕಿಕೊಂಡ.

ಆಗ ಡಾಕ್ಟರ ಮುಖ ಅರಳಿತು. ಅರಳಬಾರದೆಂದು ಅವರು ಪ್ರಯತ್ನಪಟ್ಟರು, ಆದರೂ ಅರಳಿತು. ಗಾಡಿ ಉಳಿಯಿತು, ಷೆಡ್ಡು ಉಳಿಯಿತು, ತಪ್ಪು ಹೆಂಡತಿಯ ತಲೆಗೆ ಹೋಯಿತು, ಇನ್ನೇನು ಬೇಕು. ಬೇಜಾರಾಯ್ತು ಸಾಹುಕಾರ್ರೇ ಎಂದು ಹೇಳುವಾಗ ಅವರ ದನಿಯಲ್ಲಿ ಕುಣಿತವಿತ್ತು. ಮಿಸ್ಸು ಆ ಮುಖ ನೋಡಿದಳು. ಅವಳು ಅದುವರೆಗೆ ಮಾಡಿದ ಸಂಸಾರದಲ್ಲಿ ಕೋಪ ಬಂದದ್ದುಂಟು, ಅಳು ಬಂದದ್ದುಂಟು. ಹೇಸಿಗೆ ಬಂದದ್ದು ಅದೇ ಮೊದಲು.

ಕೈಯಲ್ಲಿದ್ದ ತಟ್ಟೆಯನ್ನು ಪರೀಕ್ಷಕನ ಕೈಗೆ ಕೊಟ್ಟಳು. ಗಾಡಿಯ ಬಾಗಿಲು ತೆಗೆದಳು, ಸ್ಟೇರಿಂಗಿನ ಹಿಂದೆ ಕೂತಳು. ಅಲ್ಲೇ ಇದ್ದ ಕೀಲಿ ತಿರುಗಿಸಿದಳು. ಶಿಶುವಿಹಾರದ ಚಾಲಕ ಕೆಲಸ ಬಿಟ್ಟ ಮೇಲೆ ಮಕ್ಕಳ ವ್ಯಾನನ್ನು ಅವಳೇ ಓಡಿಸಿಕೊಂಡು ಬಂದಿದ್ದಳು. ಒಳಗೆ ಚೀರುವ ಮಕ್ಕಳಿಲ್ಲದೆ ಗಾಡಿ ಓಡಿಸುವುದು ಅವಳಿಗೆ ಹಬ್ಬವೇ ಆಗಿತ್ತು.

"ಏನೇ ಮಾಡ್ತಿದೀಯ," ಎಂದರು ಡಾಕ್ಟರು.

 ಗಾಡಿ ಒಮ್ಮೆ ಮುಗ್ಗರಿಸಿ ಮುಂದಕ್ಕೆ ಉರುಳಿತು. ಸಾಹುಕಾರ ಗೋಡೆಗೆ ಅಂಟಿಕೊಂಡ. ಡಾಕ್ಟರು ಪಕ್ಕದಲ್ಲಿ ಓಡುತ್ತಾ ಬಂದರು, ಗೇಟಿನ ಹತ್ತಿರ ಅವಳು ನಿಧಾನಿಸಿದಾಗ ಬಾಗಿಲು ತೆಗೆದು ಒಳಕ್ಕೆ ಹಾರಿದರು. ಎಷ್ಟು ಸಲೀಸಾಗಿ ಕೂತರೆಂದರೆ, ಕೈ ತಾನಾಗಿ ಬಾಗಿಲಿನ ಹಿಡಿಗೆ ಹೋಯಿತು, ಹಿಮ್ಮಡಿ ಕಾರ್ಪೆಟ್ಟಿನ ಸವೆದ ಜಾಗಕ್ಕೆ ಸರಿಯಾಗಿ ಕೂತುಕೊಂಡಿತು, ಮೈ ಎಡಕ್ಕೆ ವಾಲಿತು. ಮಿಸ್ಸು ಓರೆಗಣ್ಣಿನಲ್ಲಿ ಎಲ್ಲ ನೋಡಿದಳು.

ಬೀದಿಗೆ ಬಿದ್ದ ಮೇಲೆ ಚಪ್ಪಟೆ ಟಯರುಗಳು ದಡಬಡ ಎಂದು ಕುಣಿಸಿದವು, ಸ್ವಲ್ಪ ದೂರ ಹೋದ ಮೇಲೆ ಕುಣಿತ ಕಡಿಮೆಯಾಯಿತು. ಡಾಕ್ಟರು ಮೊದಲು ಗದರಿಸಿದರು, ಹಳ್ಳ ಬಂದಲ್ಲಿ ಕಣ್ಣು ಮುಚ್ಚಿದರು, ಆಮೇಲೆ ಬೇಡಿಕೊಂಡರು. ತಿರುವಿನಲ್ಲಿ ಅವಳು ಗೇರು ಬದಲಾಯಿಸಿದಾಗ ಸುಮ್ಮನಾದರು. ಗಾಳಿ ಅವರ ನಾಲ್ಕು ಕೂದಲನ್ನು ಎಬ್ಬಿಸಿ ನಿಲ್ಲಿಸಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಜೀವಮಾನವಿಡೀ ಕಾದದ್ದು ಸಿಕ್ಕವರ ಹಾಗೆ ರಸ್ತೆಯನ್ನೇ ನೋಡುತ್ತಿದ್ದರು.

"ದಿನಾ ಕೂರ್ತಿದ್ರಾ?" ಎಂದು ಕೇಳಿದಳು ಮಿಸ್ಸು.

"ನೀನು ಕೆಲಸಕ್ಕೆ ಹೋದ್ಮೇಲೆ."

"ಮತ್ತೆ ಯಾರೂ ಕೂತಿಲ್ಲ ಅಂತ ಪೇಪರಲ್ಲಿ ಹಾಕಿಸಿದ್ರಲ್ಲ."

"ನಾನು ಕೂತಿದ್ದೂ ಲೆಕ್ಕಕ್ಕಾ," ಎಂದರು ಡಾಕ್ಟರು, ನಿಜವಾಗಿಯೂ ಅರ್ಥವಾಗದವರ ಹಾಗೆ. "ಬೇರೆಯವರು ಕೂತಿಲ್ಲವಲ್ಲ."

ಓಡಿಸುವವರ ಸೀಟಿನಲ್ಲಿ ಯಾಕೆ ಕೂರಲಿಲ್ಲವೆಂದು ಅವಳು ಕೇಳಿದಳು.  ಅವರು ಇಂಜಿನ್ನಿನ ಸದ್ದಿನಲ್ಲಿ ಕೇಳಿಸಿಯೂ ಕೇಳಿಸದ ಹಾಗೆ ಹೇಳಿದರು. ಗಾಡಿ ಬಂದ ವಾರವೇ ಓಡಿಸಲು ಕೂತಿದ್ದರಂತೆ. ಷೆಡ್ಡಿನ ಬಾಗಿಲಿನ ತನಕ ನಡೆಸಲೂ ಧೈರ್ಯ ಬರಲಿಲ್ಲವಂತೆ. ಸ್ಟೇರಿಂಗಿನ ಮುಂದೆ ಕೂತರೆ ಓಡಿಸಲಾರೆನೆಂಬುದು ನೆನಪಾಗುತ್ತದೆ. ಈ ಕಡೆ ಕೂತು ಕಣ್ಣು ಮುಚ್ಚಿದರೆ ಯಾರೋ ಓಡಿಸುತ್ತಿದ್ದಾರೆ, ತಾನು ಹೋಗುತ್ತಿದ್ದೇನೆ ಎಂದುಕೊಳ್ಳಬಹುದು.

ಮಿಸ್ಸಿನ ಮನಸ್ಸು ಒಂದು ಗಳಿಗೆ ಕರಗಿತು. ಎಷ್ಟಾದರೂ ಹೆದರಿದ ಮಕ್ಕಳ ಬೆನ್ನು ತಟ್ಟಿ ತಟ್ಟಿ ಅಭ್ಯಾಸವಾದ ಕೈ. ಇಷ್ಟು ಸಣ್ಣ ಅಂಜಿಕೆಗೆ ಇಷ್ಟು ದೊಡ್ಡ ಸುಳ್ಳು ಕಟ್ಟಿಕೊಂಡು ಬದುಕಿದನಲ್ಲ ಎಂದು ಅಯ್ಯೋ ಅನ್ನಿಸಿತು.

"ನನಗೆ ಹೇಳಿದ್ರೆ ನಾನೇ ಓಡಿಸ್ತಿದ್ದೆನಲ್ರೀ. ಇಬ್ಬರೂ ಹೋಗಬಹುದಿತ್ತು."

ಡಾಕ್ಟರು ಅವಳ ಕಡೆ ತಿರುಗಿದರು. "ನೀನು ಓಡಿಸೋದು, ನಾನು ಪಕ್ಕದಲ್ಲಿ ಕೂರೋದಾ? ನಾಲ್ಕು ಜನ ನೋಡಿದ್ರೆ ಏನಂತಾರೆ?"

ಕರಗಿದ್ದು ಅಲ್ಲಿಗೇ ಗಟ್ಟಿಯಾಯಿತು. ಮಿಸ್ಸು ಮನೆಯ ಕಡೆ ತಿರುಗಬೇಕಾದ ಅಡ್ಡರಸ್ತೆಯನ್ನು ಬಿಟ್ಟು ನೇರವಾಗಿ ಸರ್ಕಲ್ಲಿಗೆ ನಡೆಸಿದಳು. ಅಲ್ಲಿ ಚಹಾದಂಗಡಿಯ ಮುಂದೆ ಹಳೆಗಾಡಿ ಸಂಘ ಸೇರಿತ್ತು. ಎಲ್ಲರೂ ಡಾಕ್ಟರ ಬಾಯಲ್ಲಿ ಘಟ್ಟದ ತಿರುವುಗಳ ಕಥೆ ಕೇಳಿದವರೇ. ಕೆಂಪು ಗಾಡಿ ಬರುವುದನ್ನು ಕಂಡು ಕಪ್ಪುಗಳನ್ನು ಹಿಡಿದುಕೊಂಡೇ ಎದ್ದು ನಿಂತರು. ಸ್ಟೇರಿಂಗಿನ ಹಿಂದೆ ಯಾರಿದ್ದಾರೆ, ಪಕ್ಕದಲ್ಲಿ ಯಾರಿದ್ದಾರೆ ಎಂದು ಗುರುತು ಹತ್ತಿದ ಮೇಲೆ ಎತ್ತಿದ ಕೈಗಳು ಅರ್ಧಕ್ಕೇ ನಿಂತವು.

ಡಾಕ್ಟರು ಸೀಟಿನಲ್ಲಿ ಕುಗ್ಗಿದರು. ಚಾವಣಿ ಇಲ್ಲದ ಗಾಡಿಯಲ್ಲಿ ಎಷ್ಟು ಕುಗ್ಗಿದರೆ ಏನು. ನಿಲ್ಲಿಸಬೇಡ, ಮುಂದೆ ನಡೆಸು ಎಂದು ಹಲ್ಲು ಕಚ್ಚಿಕೊಂಡು ಹೇಳಿದರು. ಮಿಸ್ಸು ಸಂಘದವರ ಎದುರಿಗೇ ಗಾಡಿ ನಿಲ್ಲಿಸಿದಳು. ಇಂಜಿನ್ ಆರಿಸಿ ಕೀಲಿ ತೆಗೆದು ಸೀರೆಯ ಸೆರಗಿಗೆ ಗಂಟು ಹಾಕಿಕೊಂಡಳು. ಯಜಮಾನರಿಗೆ ಒಂದು ಸುತ್ತು ಹೋಗಬೇಕು ಅನ್ನಿಸಿತ್ತು, ಕರ್ಕೊಂಡು ಬಂದೆ ಎಂದು ಸಂಘದವರಿಗೆ ಸಮಾಧಾನವಾಗಿಯೇ ಹೇಳಿದಳು. ಮಗುವನ್ನು ಶಾಲೆಗೆ ಬಿಟ್ಟು ತಾಯಿ ಹೊರಡುವ ಹಾಗೆ, ತಿರುಗಿ ನೋಡದೆ ನಡೆದುಬಿಟ್ಟಳು. ಹಿಂದಿನಿಂದ ಯಾರೋ, ಡಾಕ್ಟ್ರೇ, ನೀವೇ ಓಡಿಸಿಕೊಂಡು ಹೋಗಿಬಿಡಿ, ಕೀಲಿ ಇಲ್ಲದೆ ಇಂಜಿನ್ ಚಾಲೂ ಮಾಡಿಕೊಡೋಣ ಎನ್ನುತ್ತಿದ್ದದ್ದು ಕೇಳಿಸಿತು. ಡಾಕ್ಟರ ಉತ್ತರ ಕೇಳಿಸಲಿಲ್ಲ.

ಮನೆಗೆ ಬಂದಾಗ ಸಾಹುಕಾರನೂ ಪರೀಕ್ಷಕನೂ ಹೋಗಿದ್ದರು. ಮಿಸ್ಸು ಷೆಡ್ಡಿನ ಪರದೆಗಳನ್ನು ಕಿತ್ತು ಮೂಲೆಗೆ ಹಾಕಿದಳು. ಬಿಸಿಲು ನೆಲದ ತುಂಬ ಬಿದ್ದಿತು. ಎಣ್ಣೆಯ ಕಲೆ ಉಜ್ಜಿ ತೊಳೆದಳು, ಬೆನ್ನು ನೋಯುವಷ್ಟು ಉಜ್ಜಿದಳು, ಉಜ್ಜುತ್ತಾ ಒಮ್ಮೆ ಅತ್ತಳು ಕೂಡ. ಆಮೇಲೆ ಅಧಿಕಾರಿಣಿಗೆ ಫೋನು ಮಾಡಿ ನಾಳೆ ಬನ್ನಿ, ಕೋಣೆ ಖಾಲಿಯಾಗಿದೆ ಎಂದಳು. ಗಾಡಿ ಮಾರಾಟವಾಯಿತಾ ಎಂದು ಆಕೆ ಕೇಳಿದ್ದಕ್ಕೆ, 'ಇಲ್ಲ, ಹೊರಗೆ ಹೋಗಿದೆ' ಎಂದಳು. ಮಗಳಿಗೂ ಫೋನು ಮಾಡಿದಳು. ಮಗಳು ಬಂದು ಷೆಡ್ಡಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ತಾಯಿ ಮಗಳು ಸೇರಿ ಮೆಟ್ಟಿಲ ಕೆಳಗಿನ ಕುರ್ಚಿಗಳನ್ನು ಹೊತ್ತು ತಂದರು.

ಬಿಸಿಲು ಇಳಿಯುವ ಹೊತ್ತಿಗೆ ಗಾಡಿ ಮನೆಗೆ ಬಂತು. ಕೀಲಿಯಿಲ್ಲದೆ ಚಾಲೂ ಮಾಡಲು ತಂತಿ ಕೀಳುವುದಕ್ಕೆ ಡಾಕ್ಟರು ಒಪ್ಪಿರಲಿಲ್ಲ; ಸಂಘದ ಹಿರಿಯನೊಬ್ಬ ಸ್ಟೇರಿಂಗು ಹಿಡಿದಿದ್ದ, ಉಳಿದವರು ತಳ್ಳುತ್ತಿದ್ದರು. ಎಲ್ಲರಿಗಿಂತ ಹಿಂದೆ, ಅಂಗಿಯ ತೋಳು ಮಡಚಿಕೊಂಡು, ಬೆವರು ಸುರಿಸುತ್ತಾ ಡಾಕ್ಟರು ತಳ್ಳುತ್ತಿದ್ದರು. ತಮಗೆ ಓಡಿಸಲು ಬರುವುದಿಲ್ಲವೆಂದು ಅವರು ಬಾಯಿಬಿಟ್ಟು ಹೇಳಬೇಕಾಯಿತೋ, ಜನರೇ ಅರ್ಥ ಮಾಡಿಕೊಂಡರೋ, ಮಿಸ್ಸು ಕೇಳಲಿಲ್ಲ. ಸಂಘದವರ ಮುಖಗಳಲ್ಲಿ ನಗು ಅಡಗಿಸಿಕೊಂಡ ಬಿಗಿತವಿತ್ತು, ಎರಡು ಬೀದಿ ದಾಟಿದ ಮೇಲೆ ಅದು ಸಡಿಲವಾಗುವುದಿತ್ತು.

ಅವರೆಲ್ಲ ಹೋದ ಮೇಲೆ ಡಾಕ್ಟರು ಷೆಡ್ಡಿನ ಒಳಗೆ ನೋಡಿದರು. ಗಾಡಿ ನಿಲ್ಲುತ್ತಿದ್ದ ಜಾಗದಲ್ಲಿ ಮೊಣಕಾಲೆತ್ತರದ ಕುರ್ಚಿಗಳು ತುಂಬಿದ್ದವು. ಅವುಗಳ ನಡುವೆ ಮಗಳು ನಿಂತಿದ್ದಳು. ಡಾಕ್ಟರು ಒಳಗೆ ಕಾಲಿಡಲಿಲ್ಲ.

"ಗಾಡಿ ಎಲ್ಲಿ ನಿಲ್ಲಿಸೋದು?" ಎಂದು ಮೆಲ್ಲಗೆ ಕೇಳಿದರು.

"ಬೀದೀಲಿ. ಎಲ್ಲರ ಗಾಡಿ ನಿಲ್ಲೋ ಹಾಗೆ."

"ಮಳೆ ಬಂದ್ರೆ?"

"ನೆನೆಯುತ್ತೆ," ಎಂದು ಮಿಸ್ಸು ಇನ್ನೊಂದು ಕುರ್ಚಿಯನ್ನು ಒರೆಸಲು ಕೈಗೆತ್ತಿಕೊಂಡಳು.